ಒಂದು ಹತ್ತು ಹೆಚ್ಚು

ಮೂವತ್ತೆಂಟು ಎಂದು ವಿದ್ಯಾರ್ಥಿಗಳು ಕೂಗಿದರು. ತಕ್ಕಡಿಯ ಪೆಟ್ಟಿಗೆಯ ಗಾಜು ಒರೆಸುತ್ತಿದ್ದ ಸವರಿಯಪ್ಪನ ಕೈ ನಿಂತಿತು. ಆರು ವರ್ಷದಿಂದ ಕಾಲೇಜಿನ ಈ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅವನು ಅಟೆಂಡರು. ಶನಿವಾರದ ತರಗತಿಗೆ ಲೋಲಕ ಕಟ್ಟಿಕೊಡುವುದು ಅವನ ಕೆಲಸ. ನೂರು ಸೆಂಟಿಮೀಟರ್ ದಾರ, ತುದಿಗೆ ಸೀಸದ ಗುಂಡು, ಗುಂಡು ಇಪ್ಪತ್ತು ಸಲ ಹೋಗಿ ಬರಲು ನಲವತ್ತು ಸೆಕೆಂಡು. ಯಾಕೆ ನಲವತ್ತು ಎಂಬ ಸೂತ್ರ ಅವನಿಗೆ ತಿಳಿಯದು. ಆದರೆ ಆರು ವರ್ಷದಲ್ಲಿ ಎಷ್ಟೋ ವಿದ್ಯಾರ್ಥಿಗಳು ಈ ಕಿಟಕಿಯ ಪಕ್ಕ ನಿಂತು ನಲವತ್ತು ಎಂದೇ ಕೂಗಿದ್ದಾರೆ. ಆತುರಗಾರರು ಮೂವತ್ತೊಂಬತ್ತೂವರೆ ಅನ್ನುತ್ತಾರೆ, ದಡ್ಡರು ನಲವತ್ತೂವರೆ ಅನ್ನುತ್ತಾರೆ. ಮೂವತ್ತೆಂಟು ಅಂದವರನ್ನು ಅವನು ಕಂಡಿರಲಿಲ್ಲ.

"ಇನ್ನೊಂದ್ ಸಲ ನೋಡಿ ಸ್ವಾಮಿ" ಎಂದ.

ಮತ್ತೆ ಮೂವತ್ತೆಂಟು. ಕನ್ನಡಕದ ವಿದ್ಯಾರ್ಥಿಯೊಬ್ಬ ನಕ್ಕ: "ಏನಯ್ಯಾ ಸವರಿಯಪ್ಪ, ನಿನ್ ಜೊತೆ ಸೇರಿ ಈ ಗುಂಡೂ ಓಟದ ಅಭ್ಯಾಸ ಮಾಡ್ತಾ ಇದೆಯೋ ಹ್ಯಾಗೆ?" ಎಲ್ಲರೂ ನಕ್ಕರು. ನಾಳೆ ಭಾನುವಾರದ ಹತ್ತು ಮೈಲಿ ಓಟದಲ್ಲಿ ಅಟೆಂಡರು ಓಡುತ್ತಾನೆಂಬುದು ಇಡೀ ಕಾಲೇಜಿಗೆ ಗೊತ್ತಿತ್ತು. ಸವರಿಯಪ್ಪನೂ ನಕ್ಕ. ಅಳತೆಪಟ್ಟಿ ತಂದು ದಾರ ಅಳೆದ. ಸರಿಯಾಗಿ ನೂರು. ಆಗ ಅವನ ಕಣ್ಣು ವಿದ್ಯಾರ್ಥಿಯ ಅಂಗೈಯಲ್ಲಿದ್ದ ಗಡಿಯಾರದ ಮೇಲೆ ಬಿತ್ತು. ಅದು ಪ್ರಯೋಗಶಾಲೆಯ ಗಡಿಯಾರವಲ್ಲ. ಪ್ರಯೋಗಶಾಲೆಯದರ ಸ್ಪ್ರಿಂಗು ಬೆಳಿಗ್ಗೆ ತಾನೆ ಮುರಿದಿತ್ತು. ತರಗತಿ ನಿಲ್ಲಬಾರದೆಂದು ಡೆಮಾನ್‌ಸ್ಟ್ರೇಟರ್ ಷಡಕ್ಷರಿಯವರ ಮೇಜಿನ ಖಾನೆ ತೆರೆದು, ಅವರ ಸ್ವಂತ ನಿಲುಗಡಿಯಾರವನ್ನು ಅವನೇ ತಂದು ಕೊಟ್ಟಿದ್ದ. ಖಾನೆಯ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು. ಆ ಬೆಳ್ಳಿಬಣ್ಣದ ಮುಖ, ಎರಡರ ಅಂಕಿಯ ಹತ್ತಿರ ಕೂದಲೆಳೆಯಂಥ ಬಿರುಕು, ಎಲ್ಲ ಅವನಿಗೆ ತನ್ನ ಅಂಗೈಯಷ್ಟೇ ಪರಿಚಯ. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ಬೆಳಗು, ಓಟ ಮುಗಿಸಿ ಬಗ್ಗಿ ನಿಂತು ಉಸಿರು ಹುಡುಕುತ್ತಿರುವಾಗ ಕಣ್ಣಿನ ಮುಂದೆ ಬರುತ್ತಿದ್ದುದು ಅದೇ ಮುಖ. "ನೋಡು, ನೀನೇ ನೋಡು" ಎನ್ನುತ್ತಿದ್ದರು ಷಡಕ್ಷರಿ. "ನನ್ನ ಮಾತು ನಂಬಬೇಡ, ಮುಳ್ಳನ್ನು ನಂಬು."

ತರಗತಿ ಮುಗಿದು ಹೆಜ್ಜೆಗಳು ಮೆಟ್ಟಿಲಿಳಿದ ಮೇಲೆ ಸವರಿಯಪ್ಪ ಗಡಿಯಾರವನ್ನು ಹಿಡಿದು ವರಾಂಡದ ಗೋಡೆ ಗಡಿಯಾರದ ಕೆಳಗೆ ನಿಂತ. ಗೋಡೆಯಲ್ಲಿ ಇಪ್ಪತ್ತು ನಿಮಿಷ ಕಳೆಯಿತು, ಕೈಯಲ್ಲಿ ಹತ್ತೊಂಬತ್ತು. ಅದು ಇನ್ನೂ ಬರೀ ಲೆಕ್ಕವಾಗಿತ್ತು, ನೋವಾಗಿರಲಿಲ್ಲ. ಇಪ್ಪತ್ತಕ್ಕೆ ಒಂದಾದರೆ ಅರವತ್ತಕ್ಕೆ ಮೂರು. ದಟ್ಟಗಳ್ಳಿಯ ಆಚೆ ಹುಣಸೆಮರದ ತನಕ ಐದು ಮೈಲಿ, ಹಿಂದಕ್ಕೆ ಐದು, ಒಟ್ಟು ಐವತ್ತೊಂಬತ್ತು ಮುಕ್ಕಾಲು ನಿಮಿಷ ಎಂದು ಮೊನ್ನೆ ಬುಧವಾರ ಈ ಮುಳ್ಳು ತೋರಿಸಿತ್ತು. ಷಡಕ್ಷರಿ ಅವನ ಬೆವರಿನ ಬೆನ್ನನ್ನು ತಬ್ಬಿಕೊಂಡಿದ್ದರು. ಹೋದ ವರ್ಷ ಗೆದ್ದ ಬೆಟ್ಟಯ್ಯ ತೆಗೆದುಕೊಂಡದ್ದು ಅರವತ್ತೊಂದು. ಗೆದ್ದವನ ಹೆಸರು ದೊಡ್ಡ ಓಟಕ್ಕೆ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಮದರಾಸಿಗೆ. ಆ ಬುಧವಾರ ರಾತ್ರಿ ತಾಯಿ ಜ್ಞಾನಮ್ಮ "ಯಾಕೋ ನಗ್ತೀಯ, ತಟ್ಟೆ ನೋಡ್ಕೊಂಡು?" ಎಂದು ಕೇಳಿದ್ದಳು. ಅರವತ್ತೆರಡು ಮುಕ್ಕಾಲು, ಅರವತ್ತಮೂರು. ನಿಜವಾಗಿ ಅಷ್ಟು. ತಟ್ಟೆ ನೋಡಿಕೊಂಡು ನಕ್ಕದ್ದು ಅಷ್ಟಕ್ಕೆ.

ಆಮೇಲೆ ಜಪದ ನೆನಪು ಬಂತು, ಆಗ ನೋಯಿತು.

ಓಡುವಾಗ ಅವನು ದೇವಮಾತೆಯ ಪ್ರಾರ್ಥನೆ, ನಮೋ ಮರಿಯಾ, ಹೇಳುತ್ತಿದ್ದ. ಯಾರೂ ಕಲಿಸಿದ್ದಲ್ಲ. ಉಸಿರಿಗೆ ಒಂದು ಹಿಡಿ ಬೇಕಿತ್ತು, ಚಿಕ್ಕಂದಿನಿಂದ ನಾಲಿಗೆಯಲ್ಲಿದ್ದದ್ದು ಅದು. ಎಡಗೈಯಲ್ಲಿ ಹತ್ತು ಮಣಿಯ ಸಣ್ಣ ಸರ, ಒಂದು ಜಪಕ್ಕೆ ಒಂದು ಮಣಿ. ಹತ್ತು ಮುಗಿದರೆ ಬಲಗೈ ಹೆಬ್ಬೆರಳು ಒಂದು ಗೆಣ್ಣಿನಿಂದ ಮುಂದಿನ ಗೆಣ್ಣಿಗೆ ಸರಿಯುತ್ತದೆ. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಕೈ ಒಂದು ಸುತ್ತು ಮುಗಿದರೆ ಅರ್ಧ ಗಂಟೆ, ಎರಡು ಸುತ್ತಿಗೆ ಒಂದು ಗಂಟೆ. ಇದನ್ನು ಆಷಾಢದಲ್ಲಿ ಷಡಕ್ಷರಿಯವರೇ ಕಂಡುಹಿಡಿದು ಬೆರಗಾಗಿದ್ದರು. "ನೀನೇ ಒಂದು ಗಡಿಯಾರ ಕಣಯ್ಯ" ಎಂದು ಮಣಿಕಟ್ಟು ಹಿಡಿದು ನಾಡಿ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಅವರ ಬೆರಳು ತಣ್ಣಗಿರುತ್ತಿದ್ದವು. ಅಪ್ಪ ತೀರಿಹೋದ ಮೇಲೆ ಯಾವ ಗಂಡಸೂ ಅವನ ಮಣಿಕಟ್ಟನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ. ಕಾಲೇಜಿನಲ್ಲಿ ಬೇರೆಯವರಿಗೆ ಅವನು 'ಏ ಅಟೆಂಡರ್', ಇವರಿಗೆ ಸವರಿ. ದಸರೆಯ ರಜೆ ಮುಗಿಯುವ ತನಕ ಜಪವೂ ಮುಳ್ಳೂ ಒಂದಕ್ಕೊಂದು ಕೂಡಿಬರುತ್ತಿದ್ದವು. ಆದರೆ ಆಗ ಮುಳ್ಳು ಅರವತ್ತಾರರಲ್ಲೇ ಕೂತುಬಿಟ್ಟಿತ್ತು. ಅರವತ್ತಾರು ಕಂಡ ಮಾರನೆಯ ದಿನ ಕಾಲು ಸೀಸವಾಗುತ್ತಿತ್ತು. "ನಿನಗೆ ಕಾಲಿದೆ, ಎದೆಯಿದೆ. ಇಲ್ಲಿ ಇಲ್ಲ" ಎಂದು ಷಡಕ್ಷರಿ ತಮ್ಮ ಹಣೆ ತಟ್ಟಿ ತೋರಿಸುತ್ತಿದ್ದರು. ದಸರೆಯ ಮೇಲೆ ಒಮ್ಮೆಗೇ ಅರವತ್ತಮೂರಕ್ಕೆ ಹತ್ತಿರವಾಯಿತು. ಆಮೇಲೆ ಅರವತ್ತೆರಡು, ಅರವತ್ತು. ಜಪ ಮಾತ್ರ ಕೂಡಿಬರಲಿಲ್ಲ. ಮುಳ್ಳಿನ ಒಂದು ಗಂಟೆಯಲ್ಲಿ ಇಪ್ಪತ್ನಾಲ್ಕು ಹತ್ತು ಆಗಬೇಕಾದದ್ದು ಇಪ್ಪತ್ತೈದು ಆಗುತ್ತಿತ್ತು. ಪ್ರತಿ ಸಲವೂ ಒಂದು ಹತ್ತು ಹೆಚ್ಚು.

ಅದು ಮೊದಲು ಕಂಡ ದಿನವೇ ಅವನು ಹೇಳಿದ್ದ: "ಜಪ ಒಂದ್ ಹತ್ತು ಜಾಸ್ತಿ ಬರ್ತಾದೆ ಸಾರ್. ಯಾಕಂತ ಗೊತ್ತಾಗ್ತಿಲ್ಲ."

ಷಡಕ್ಷರಿ ಪುಸ್ತಕದಿಂದ ತಲೆ ಎತ್ತಿರಲಿಲ್ಲ. "ಓಟದ ಭರದಲ್ಲಿ ಮಾತು ನುಂಗ್ತಾ ಇದ್ದೀಯ. ಕಾಲಿನ ಜೊತೆ ನಾಲಿಗೆಯೂ ಓಡತ್ತೆ" ಎಂದಿದ್ದರು.

ದೇವಮಾತೆಯ ಮಾತನ್ನು ನುಂಗುವುದು. ಅವನಿಗೆ ಅದು ಸಣ್ಣ ಸಂಗತಿಯಾಗಿ ಕಾಣಲಿಲ್ಲ. ಮುಳ್ಳಿನ ಮೇಲೆ ಅನುಮಾನ ಬರಬಹುದೆಂಬುದೇ ತಲೆಗೆ ಹೊಳೆಯಲಿಲ್ಲ. ಅನುಮಾನ ಬಂದದ್ದೆಲ್ಲ ತನ್ನ ಮೇಲೆ. ಹೆಸರು ಬರಲಿ, ಬೆಂಗಳೂರಿಗೆ ಹೋಗಲಿ ಎಂಬ ಆಸೆಗೆ ಪ್ರಾರ್ಥನೆಯನ್ನು ಕುದುರೆ ಮಾಡಿಕೊಂಡು ಚಾವಟಿ ಬೀಸುತ್ತಿದ್ದೇನೆ ಎನ್ನಿಸಿತು. ಆ ಶನಿವಾರವೇ ಚರ್ಚಿಗೆ ಪಾಪನಿವೇದನೆಗೆ ಹೋಗಿ, ಪಾದ್ರಿ ಸ್ವಾಮಿಯವರು ಕೂರುವ ಜಾಲರಿಯ ಈಚೆ ಮೊಣಕಾಲೂರಿ, ಜಪವನ್ನು ಅವಸರದಲ್ಲಿ ನುಂಗುತ್ತಿದ್ದೇನೆ ಸ್ವಾಮಿ, ಓಟದ ಆಸೆಗೆ, ಎಂದು ಒಪ್ಪಿಕೊಂಡ. ವಯಸ್ಸಾದ ಸ್ವಾಮಿಯವರು ಇದನ್ನು ಮೊದಲ ಸಲ ಕೇಳುತ್ತಿದ್ದರೆಂದು ಕಾಣುತ್ತದೆ; ಎರಡು ಸಲ ಕೇಳಿ ತಿಳಿದುಕೊಂಡರು. ಪ್ರಾಯಶ್ಚಿತ್ತವಾಗಿ ಓಟದ ದಿನದ ತನಕ ದಿನವೂ ಒಂದು ಪೂರ್ಣ ಜಪಸರ, ಮೊಣಕಾಲೂರಿ, ಒಂದೊಂದು ಮಾತೂ ಕಿವಿಗೆ ಕೇಳುವಂತೆ. ಆರು ವಾರ. ಚರ್ಚಿನ ಪಕ್ಕದ ಬಾಗಿಲಿನ ಹತ್ತಿರ ಕಲ್ಲುಚಪ್ಪಡಿಯ ಮೇಲೆ, ಬೆಳಗಿನ ಓಟದ ಬೆವರು ಆರುವ ಮುಂಚೆ. ಪಕ್ಕದ ಮನೆ ಲೂರ್ದಮ್ಮ ಜ್ಞಾನಮ್ಮನ ಹತ್ತಿರ "ನಿಮ್ಮುಡ್ಗ ಸ್ವಾಮಿಯಾಗ್ಬುಡ್ತಾನೇನೋ ಕಣಮ್ಮ, ನೋಡ್ಕೊ" ಎಂದಿದ್ದಳು. ನಾಲ್ಕನೆಯ ವಾರಕ್ಕೆ ಬಲ ಮೊಣಕಾಲು ಊದಿತು. ಷಡಕ್ಷರಿ ಪ್ರಯೋಗಶಾಲೆಯ ಬೆಂಚಿನ ಮೇಲೆ ಅವನನ್ನು ಕೂರಿಸಿ ಹರಳೆಣ್ಣೆ ಬಿಸಿ ಮಾಡಿ ತಮ್ಮ ಕೈಯಿಂದಲೇ ತಿಕ್ಕಿದರು. ಮಠಕ್ಕೆ ನಡೆದುಕೊಳ್ಳುವ ಮನೆಯವರು, ವಿಭೂತಿಯಿಲ್ಲದೆ ಹೊರಗೆ ಬಾರದವರು, ಒಬ್ಬ ಅಟೆಂಡರನ ಕಾಲು ಹಿಡಿದು ತಿಕ್ಕಿದರು. ಹೇಗೆ ಊದಿತೆಂದು ಕೇಳಿದರು. ಅವನು ಹೇಳಿದ. ಜಪ, ನುಂಗಿದ ಮಾತು, ಜಾಲರಿ, ಚಪ್ಪಡಿ, ಎಲ್ಲ ಹೇಳಿದ. ಅವರು ಕೇಳುತ್ತ, ತಲೆಯಾಡಿಸುತ್ತ, ತಿಕ್ಕುತ್ತಲೇ ಇದ್ದರು. ಆ ಕೈ ಒಂದು ಕ್ಷಣವೂ ನಿಂತಿರಲಿಲ್ಲ. ಈಗ ವರಾಂಡದಲ್ಲಿ ನಿಂತು ಸವರಿಯಪ್ಪ ಮತ್ತೆ ಮತ್ತೆ ಹುಡುಕಿದ್ದು ಅದನ್ನೇ: ಎಲ್ಲಾದರೂ ಆ ಕೈ ನಿಂತಿತ್ತೇ, ತಡವರಿಸಿತ್ತೇ ಎಂದು.

ಗೋಡೆ ಗಡಿಯಾರವನ್ನು ನೋಡುತ್ತ, ಓಡುವಾಗಿನ ಉಸಿರಿಗೆ ಸರಿಯಾಗಿ, ಅವನು ಎರಡು ಹತ್ತು ಜಪ ಮಾಡಿದ. ಸರಿಯಾಗಿ ಐದು ನಿಮಿಷ. ಆರು ವಾರದ ಹಿಂದೆಯೂ ಹೀಗೇ ನೋಡಬಹುದಿತ್ತು. ಅವನು ಒಂದು ಮಾತನ್ನೂ ನುಂಗಿರಲಿಲ್ಲ.

ಹನ್ನೆರಡು ಗಂಟೆಗೆ ಷಡಕ್ಷರಿ ಛತ್ರಿ ಮಡಿಸುತ್ತ ಬಂದರು. ಮೂವತ್ತು ದಾಟದ ವಯಸ್ಸು, ಗುಂಡಿ ತಪ್ಪದ ಕೋಟು, ಕಿಸೆಯಲ್ಲಿ ಎರಡು ಬಣ್ಣದ ಪೆನ್ಸಿಲು. ಮೇಜಿನ ಮೇಲೆ ಸವರಿಯಪ್ಪ ಗಡಿಯಾರ ಬಿಚ್ಚಿಟ್ಟಿದ್ದ. ಹಿಂದಿನ ಮುಚ್ಚಳ ಪಕ್ಕದಲ್ಲಿ. ಒಳಗಿನ ತೂಗುಚಕ್ರದ ಅಂಚಿನಲ್ಲಿ, ಎದುರುಬದುರು, ಸಾಸಿವೆಗಿಂತ ಸಣ್ಣ ಎರಡು ಹಳದಿ ಚುಕ್ಕೆ. ಚಕ್ರ ಅಷ್ಟರಿಂದಲೇ ಭಾರವಾಗಿ ಮೆಲ್ಲಗೆ ತಿರುಗುತ್ತದೆ.

"ಮೇಣ ಅಲ್ವಾ ಸಾರ್?" ಎಂದ ಸವರಿಯಪ್ಪ. "ಗಾಜಿನ ಕೊಳವೆ ಮುಚ್ಚೋಕೆ ಬೇಕು, ಅಪ್ಪಟ ಜೇನುಮೇಣ ನಿಮ್ ಚರ್ಚಿನ ಬತ್ತೀಲೇ ಸಿಗೋದು ಅಂದ್ರಿ. ದಸರೇಲಿ. ನಾನೇ ತಂದ್ಕೊಟ್ಟೆ. ದೇವಮಾತೆ ಪೀಠದ್ದು."

ಷಡಕ್ಷರಿ ಛತ್ರಿಯನ್ನು ಮೂಲೆಗೆ ಒರಗಿಸಿದರು. ಅದು ಜಾರಿತು, ಮತ್ತೆ ಒರಗಿಸಿದರು. "ಇವತ್ತೇ ನೋಡಬೇಕಾಗಿತ್ತೇನಯ್ಯ" ಎಂದರು. ಮುಖದಲ್ಲಿ ನಾಚಿಕೆ ಇರಲಿಲ್ಲ. ಬೇಸರವಿತ್ತು, ಪ್ರಯೋಗದ ನಡುವೆ ಯಾರೋ ಕಿಟಕಿ ತೆರೆದಂತೆ. ಆಮೇಲೆ ಪುಸ್ತಕ ತೆಗೆದು ಅವನ ಮುಂದೆ ಹಿಡಿದರು. ಪ್ರತಿ ಪುಟದಲ್ಲೂ ಎರಡು ಸಾಲು. ಕೆಂಪು ಪೆನ್ಸಿಲಿನಲ್ಲಿ ತೋರಿಸಿದ ಸಮಯ, ನೀಲಿಯಲ್ಲಿ ನಿಜ. "ಬರೀ ಕೆಂಪು ನೋಡಬೇಡ, ನೀಲಿ ನೋಡು. ಅರವತ್ತಾರರಿಂದ ಅರವತ್ತಮೂರು. ಈ ಮೂರು ನಿಮಿಷ ಎಲ್ಲಿಂದ ಬಂತು? ಹಾಲು ಅಷ್ಟೇ, ರಾಗಿ ಅಷ್ಟೇ, ಮೈಲಿ ಅಷ್ಟೇ. ಅರವತ್ತಾರು ಅಂತ ಕಂಡಾಗೆಲ್ಲ ನೀನು ಏಳನೇ ಮೈಲಿಯಲ್ಲಿ ಸೋತುಹೋಗ್ತಿದ್ದೆ. ದೇಹ ಆವಾಗಲೇ ಸಿದ್ಧವಾಗಿತ್ತು ಕಣೋ. ತಡೀತಿದ್ದದ್ದು ಮನಸ್ಸು. ನಾನು ಅದಕ್ಕೆ ಔಷಧಿ ಹಾಕಿದೆ."

"ನನ್ ಕೇಳಿ ಹಾಕ್ಬೌದಾಗಿತ್ತು."

"ಕೇಳಿ ಹಾಕಿದ್ರೆ ಅದು ಔಷಧಿ ಆಗ್ತಿತ್ತಾ?" ಷಡಕ್ಷರಿ ನಕ್ಕರು. ಸೂಜಿ ತೆಗೆದುಕೊಂಡು ಕಣ್ಣಿಗೆ ಭೂತಗನ್ನಡಿ ಏರಿಸಿ, ಎರಡೂ ಚುಕ್ಕೆಯನ್ನು ಕೆರೆದು, ಲೋಲಕದ ಎದುರು ಹಿಡಿದು ತೋರಿಸಿದರು. ನಲವತ್ತು. "ಸರಿಹೋಯ್ತಲ್ಲ? ನಾಳೆ ಹುಣಸೆಮರದ ಹತ್ತಿರ ಅರ್ಧ ದಾರಿಯ ಸಮಯ ಕೂಗ್ತೀನಿ. ಅಪ್ಪಟ ನಿಜ. ಈಗ ಮನೆಗೆ ಹೋಗಿ ಮಲಗು."

ಸವರಿಯಪ್ಪ ಹೋಗಲಿಲ್ಲ. ಕೇಳಬೇಕಾದದ್ದು ಬಹಳ ಸಣ್ಣದಾಗಿ, ಮಕ್ಕಳ ದೂರಿನಂತೆ ಉಳಿದಿತ್ತು. "ನಾನು ಪಾಪನಿವೇದ್ನೆಗೆ ಹೋದೆ ಅಂದಾಗ ಯಾಕ್ ಸಾರ್ ಸುಮ್ನಿದ್ಬುಟ್ರಿ? ಮಾತು ನುಂಗಿರ್ಲಿಲ್ಲ ನಾನು."

ಷಡಕ್ಷರಿ ನಿಜವಾಗಿಯೂ ಯೋಚಿಸಿದರು. ಅದು ಅವರ ಎರಡು ಸಾಲಿನಲ್ಲಿ ಎಲ್ಲಿಯೂ ಬರೆದಿರದ ಸಂಗತಿ ಎಂದು ಮುಖದಲ್ಲಿ ಕಾಣುತ್ತಿತ್ತು. "ಅದರಿಂದ ಏನು ಹಾಳಾಯ್ತು ಸವರಿ? ನಾಲ್ಕು ಜಪ ಹೆಚ್ಚಿಗೆ ಮಾಡಿದೆ. ದೇವರ ಹೆಸರು ತಾನೆ?" ಎಂದು, ಅಭ್ಯಾಸಬಲದಿಂದ ಅವನ ಮಣಿಕಟ್ಟಿಗೆ ಕೈ ಚಾಚಿದರು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ಎಳೆದುಕೊಂಡ ಕೂಡಲೇ ತಪ್ಪು ಮಾಡಿದೆನೆನ್ನಿಸಿ, ಮೇಜಿನ ಮೇಲಿನ ಅಳತೆಪಟ್ಟಿ ತೆಗೆದುಕೊಳ್ಳಲು ಎಳೆದವನಂತೆ ನಟಿಸಿದ.

ಸಂಜೆ ಚರ್ಚಿನಲ್ಲಿ ನಾಲ್ಕೈದು ಮುದುಕಿಯರ ಹಿಂದೆ ಪಾಪನಿವೇದನೆಯ ಸಾಲಿನಲ್ಲಿ ನಿಂತಿದ್ದಾಗಲೂ ಆ ನಟನೆಯೇ ಅವನನ್ನು ಚುಚ್ಚುತ್ತಿತ್ತು. ಮೋಸ ಹೋದವನು ತಾನು. ಮೋಸ ಮಾಡಿದವರ ಮನಸ್ಸು ನೋಯದಿರಲೆಂದು ಸುಳ್ಳಾಡಿದವನೂ ತಾನೇ. ಜಾಲರಿಯ ಆಚೆ ಸ್ವಾಮಿಯವರ ಉಸಿರಿನಲ್ಲಿ ನಶ್ಯದ ವಾಸನೆಯಿತ್ತು. ಆರು ವಾರದ ಹಿಂದೆ ಹೇಳಿದ ಪಾಪವನ್ನು ತಾನು ಮಾಡಿರಲಿಲ್ಲ, ಗಡಿಯಾರ ತಪ್ಪಾಗಿತ್ತು ಎಂದ.

"ಮಾಡಿದ ಪಾಪ ಮುಚ್ಚಿಡೋಕೆ ಬರೋರನ್ನ ನೋಡಿದ್ದೀನಿ" ಎಂದರು ಸ್ವಾಮಿಯವರು. "ಮಾಡದ್ದನ್ನ ವಾಪಸ್ ಕೇಳೋಕೆ ಬಂದೋನು ನೀನೊಬ್ನೇ. ಕ್ಷಮಿಸಿದ್ದು ಕ್ಷಮಿಸಿದ್ದಾಯ್ತು ಮಗು. ಈಗ ಮನಸ್ಸಲ್ಲಿ ಏನಿದೆ?"

"ಸಿಟ್ಟು ಸ್ವಾಮಿ."

"ಅದನ್ನ ಹೇಳು, ಅದು ನಿಂದು."

ಆದರೆ ಹೇಳಲು ಹೋದರೆ ಅದೂ ನಿಜವಲ್ಲ ಅನ್ನಿಸಿತು. ಸಿಟ್ಟಲ್ಲ. ಕತ್ತಲೆಯಲ್ಲಿ ಮೆಟ್ಟಿಲು ಇದೆಯೆಂದು ಕಾಲಿಟ್ಟಾಗ ಇಲ್ಲದೆ ಹೋದರೆ ಆಗುತ್ತದಲ್ಲ, ಅಂಥದ್ದು. ದೇಹ ಮುಂದಕ್ಕೆ ಹೋಗಿಯೇ ಇರುತ್ತದೆ. ಆರು ವಾರದ ಖುಷಿ, ಕಾಲಿನ ಹಗುರ, ಕನ್ನಡಿಯಲ್ಲಿ ಕಂಡ ಬೇರೆ ಮುಖ, ಅದರಲ್ಲಿ ತನ್ನದೆಷ್ಟು, ಮೇಣದ ಚುಕ್ಕೆಯದೆಷ್ಟು? ನಾಳೆ ಕಾಲು ಎತ್ತಿಡುವಾಗ ಎತ್ತುವವರು ಯಾರು? ಓಡದೇ ಇದ್ದುಬಿಡಬಹುದು. ಆದರೆ ಓಡದಿದ್ದರೆ ಗೊತ್ತಾಗುವುದೂ ಇಲ್ಲ.

ಭಾನುವಾರ ಮೊದಲ ಪೂಜೆ ಮುಗಿಸಿ ಮೈದಾನಕ್ಕೆ ಬಂದಾಗ ಹತ್ತೊಂಬತ್ತು ಮಂದಿ ಸುಣ್ಣದ ಗೆರೆಯ ಹತ್ತಿರ ಕಾಲು ಜಾಡಿಸುತ್ತಿದ್ದರು. ಹೆಬ್ಬಾಳದಿಂದ ದಿನವೂ ಊರಿಗೆ ಹಾಲು ಹೊರುವ ಬೆಟ್ಟಯ್ಯ ವೀಳ್ಯ ಉಗಿದು, "ಏನ್ ಸವರಿಯಪ್ಪೋ, ನಿನ್ ಮೇಷ್ಟ್ರು ಸೈಕಲ್ ಹತ್ಕೊಂಡು ಆಗ್ಲೇ ಹೊಂಟೋದ್ರು. ನಂಗೆ ಅಂಗೆಲ್ಲ ಯಾರೂ ಇಲ್ಲ ಕಣಪ್ಪ, ಎಮ್ಮೆ ಒಂದಾದೆ, ಅದುಕ್ಕೆ ಗಡಿಯಾರ ನೋಡಾಕ್ ಬರಾಕಿಲ್ಲ" ಎಂದ. ಎಲ್ಲರೂ ನಕ್ಕರು. ಓಟದ ಸಮಿತಿಯ ಕೃಷ್ಣಸ್ವಾಮಿಯವರು ರುಮಾಲು ಸರಿಮಾಡಿಕೊಂಡು, ತಮ್ಮ ದೊಡ್ಡ ಚಿನ್ನದ ಗಡಿಯಾರ ನೋಡಿ, ಎತ್ತಿ ಹಿಡಿದಿದ್ದ ಕೈ ಕೆಳಗಿಳಿಸಿದರು.

ಮೊದಲ ಮೂರು ಮೈಲಿ ಏನೂ ಅನ್ನಿಸಲಿಲ್ಲ. ಊರು ಮುಗಿದು ರಾಗಿ ಕೊಯ್ದ ಹೊಲಗಳು ಬಂದವು. ಕೂಳೆಯ ಮೇಲೆ ಇಬ್ಬನಿ. ಜಪದ ಮಾತು ಒಂದೊಂದೂ ಪೂರ್ತಿಯಾಗಿ ಉಸಿರಿನೊಂದಿಗೆ ಹೋಗಿ ಬರುತ್ತಿತ್ತು. ಮಣಿ ಸರಿಯಿತು, ಗೆಣ್ಣು ಸರಿಯಿತು. ದಟ್ಟಗಳ್ಳಿಯ ಬಾವಿಯ ಹತ್ತಿರ ಹೆಂಗಸರು ಕೊಡ ಇಳಿಸಿ ನೋಡಿದರು. ಎಲ್ಲರನ್ನೂ ಹಿಂದೆ ಬಿಟ್ಟಾಗಿತ್ತು, ಬೆಟ್ಟಯ್ಯನ ಬೆನ್ನು ಮಾತ್ರ ಐವತ್ತು ಹೆಜ್ಜೆ ಮುಂದೆ. ಹುಣಸೆಮರ ಕಂಡಿತು, ಮರಕ್ಕೆ ಒರಗಿಸಿದ ಸೈಕಲ್ಲು, ಬಿಳಿಯ ಕೋಟು. ಸವರಿಯಪ್ಪನ ಹೆಬ್ಬೆರಳು ಕೊನೆಯ ಗೆಣ್ಣು ದಾಟಿತ್ತು, ಎಡಗೈ ನಾಲ್ಕನೆಯ ಮಣಿಯಲ್ಲಿತ್ತು. ಹನ್ನೆರಡು ಹತ್ತು, ಮೇಲೆ ನಾಲ್ಕು. ಮೂವತ್ತೊಂದು ನಿಮಿಷ.

"ಇಪ್ಪತ್ತೊಂಬತ್ತೂವರೆ!" ಷಡಕ್ಷರಿ ಕುಣಿದಾಡಿದರು. "ಸವರೀ, ಇಪ್ಪತ್ತೊಂಬತ್ತೂವರೆ ಕಣೋ!"

ಗಡಿಯಾರ ಸರಿಯಾಗಿತ್ತು. ಅವನೇ ಕಣ್ಣಾರೆ ನೋಡಿದ್ದ, ನಲವತ್ತು. ಇನ್ನು ಅವರಿಗೆ ಮೇಣದ ಅಗತ್ಯವೂ ಇರಲಿಲ್ಲ, ಬಾಯಿಯೇ ಸಾಕಾಗಿತ್ತು. ನಿನ್ನೆ ಅಷ್ಟು ಹೇಳಿದ ಮೇಲೂ. ಆ ಮುಖದಲ್ಲಿ ಎಂಥ ಪ್ರೀತಿಯಿತ್ತು! ಅವನು ಮರ ಸುತ್ತಿ ತಿರುಗಿದ, ಅವರ ಕಡೆ ನೋಡದೆ. ಸುಳ್ಳು ಎಂದು ಮನಸ್ಸು ತಣ್ಣಗೆ ಹೇಳಿತು. ಒಂದೂವರೆ ನಿಮಿಷದ ಸುಳ್ಳು.

ಕಾಲುಗಳು ಮಾತ್ರ ನಂಬಿಬಿಟ್ಟವು.

ಎಳೆಗರುವಿನಂತೆ ನೆಗೆದವು. ಅವನು ಹೇಳಿದ್ದಲ್ಲ, ಕೇಳಿದ್ದಲ್ಲ. ತೊಡೆಯಲ್ಲಿ, ಮೀನಖಂಡದಲ್ಲಿ ಬೆಚ್ಚಗೆ ಏನೋ ಹರಿಯಿತು, ಬುಧವಾರ ತಟ್ಟೆ ನೋಡಿಕೊಂಡು ನಕ್ಕಾಗ ಹರಿದ ಹಾಗೆ. ಬೆಟ್ಟಯ್ಯನ ಬೆನ್ನು ಹತ್ತಿರ ಬಂತು, ಪಕ್ಕಕ್ಕೆ ಬಂತು, "ಅಬ್ಬಬ್ಬಾ" ಎಂಬ ಮಾತು ಹಿಂದಕ್ಕೆ ಹೋಯಿತು. ಈಗ ಮುಂದೆ ಯಾರೂ ಇಲ್ಲ. ಬಲಕ್ಕೆ ಬಿಸಿಲು ಹತ್ತಿದ ಬೆಟ್ಟ, ನೇರಕ್ಕೆ ಖಾಲಿ ರಸ್ತೆ. ಇಷ್ಟು ವೇಗವಾಗಿ ಅವನು ಎಂದೂ ಓಡಿರಲಿಲ್ಲ. ಈ ಮೈ ತನ್ನದಲ್ಲ, ಅದರ ಕಿವಿ ಬೇರೊಬ್ಬರ ಕೈಯಲ್ಲಿದೆ ಎಂದು ತಿಳಿದರೂ ಅದು ಹಾಯಾಗಿತ್ತು. ಹೀಗೇ ಹೋದರೆ ಗೆಲ್ಲುತ್ತೇನೆ, ಮದರಾಸು ನೋಡುತ್ತೇನೆ. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹಾರುತ್ತಿತ್ತು. ಹಾರುತ್ತಿದೆಯಲ್ಲ ಎಂದು ಗಮನಕ್ಕೆ ಬಂದದ್ದು ಮತ್ತೆ ದಟ್ಟಗಳ್ಳಿಯ ಬಾವಿ ಕಂಡಾಗ. ನಾಲಿಗೆಗೆ ಗಮನ ಕೊಟ್ಟ. ನಾಲಿಗೆ ಪ್ರಾರ್ಥನೆಯ ಮೊದಲ ಮಾತು ಹಿಡಿದು ಕೊನೆಯ ಮಾತಿಗೆ ಜಿಗಿಯುತ್ತಿತ್ತು, ನಡುವಿನದೆಲ್ಲ ಗಂಟಲಲ್ಲಿ ಇಳಿದುಹೋಗುತ್ತಿತ್ತು. ಆರು ವಾರ ಮೊದಲೇ ಒಪ್ಪಿಕೊಂಡು, ಚಪ್ಪಡಿಯ ಮೇಲೆ ಮೊಣಕಾಲು ಸವೆಸಿ ತೀರಿಸಿದ್ದ ಪಾಪವನ್ನು ಅವನು ಮೊದಲ ಸಲ ಮಾಡುತ್ತಿದ್ದ.

ಅವನು ಕಾಲನ್ನು ಹಿಡಿದ. ಓಡುವುದಕ್ಕಿಂತ ಅದು ಕಷ್ಟವಾಯಿತು. ಕಾಲುಗಳು ಕಟ್ಟು ಹರಿದ ದನದಂತೆ ಎಳೆದಾಡಿದವು. ಬಲ ಮೊಣಕಾಲಿನ ಹಳೆಯ ನೋವು ಅದೇ ಹೊತ್ತಿಗೆ ಎದ್ದು ಅವನ ಪರವಾಗಿ ನಿಂತಿತು. ಅವನು ಮೊದಲ ಮಾತಿನಿಂದ ಶುರುಮಾಡಿದ, ನಿಧಾನವಾಗಿ, ಒಂದೊಂದೂ ತನ್ನ ಕಿವಿಗೆ ಕೇಳುವಂತೆ. ಬೆಟ್ಟಯ್ಯ ಪಕ್ಕಕ್ಕೆ ಬಂದು, "ಯಾಕ್ಲಾ, ಏನಾಯ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಆಮೇಲೆ ಇನ್ನಿಬ್ಬರು, ಆಮೇಲೆ ಎಣಿಸಲಿಲ್ಲ. ಸೈಕಲ್ಲಿನ ಗಂಟೆ ಹಿಂದಿನಿಂದ ಬಂತು. "ಓಡೋ ಸವರೀ! ಗೆದ್ದಿದ್ದೀಯ ಕಣೋ, ಓಡೋ!" ಎಂಬ ಕೂಗು ಪಕ್ಕದಲ್ಲೇ ಸ್ವಲ್ಪ ದೂರ ಬಂದು, ಒಡೆದು, ಮುಂದಕ್ಕೆ ಹೋಯಿತು. ಅವನು ಅರ್ಧಕ್ಕೆ ನಿಂತ ಮಾತನ್ನು ಮತ್ತೆ ಮೊದಲಿನಿಂದ ಹೇಳಿದ.

ಮೈದಾನದಲ್ಲಿ ಬೆಟ್ಟಯ್ಯನ ಕೊರಳಲ್ಲಿ ಆಗಲೇ ಹಾರವಿತ್ತು. ಸವರಿಯಪ್ಪ ಏಳನೆಯವನಾಗಿ ಗೆರೆ ದಾಟಿ, ಬಗ್ಗದೆ, ನೆಟ್ಟಗೆ ನಿಂತ. ಷಡಕ್ಷರಿ ಓಡಿಬಂದರು. ಪುಸ್ತಕ ತೆರೆದಿತ್ತು, ಕೈಯಲ್ಲಿ ಎರಡೂ ಪೆನ್ಸಿಲು. ಕಣ್ಣು ಕೆಂಪಾಗಿತ್ತು. "ಯಾಕೋ ಹೀಗೆ ಮಾಡ್ದೆ?" ಎಂದರು. ಮೋಸ ಹೋದವರು ಅವರೇ ಎನ್ನುವ ಹಾಗಿತ್ತು ದನಿ.

"ಇಪ್ಪತ್ತೇಳು ಹತ್ತು ಆಯ್ತು ಸಾರ್" ಎಂದ ಸವರಿಯಪ್ಪ, ಉಸಿರು ಬಂದ ಮೇಲೆ. "ಅದ್ರಲ್ಲಿ ಒಂದ್ ಹತ್ತು ಹೆಚ್ಚು. ಬಾವಿ ತಂಕ ನುಂಗಿದ್ದು. ಅದು ಕಳೀಬೇಕು. ಇಪ್ಪತ್ತಾರು ಅಂದ್ರೆ ಅರವತ್ತೈದು. ನೀಲಿ ಪೆನ್ಸಿಲ್‌ನಾಗೆ ಬರ್ಕೊಳಿ."

ಷಡಕ್ಷರಿ ಬರೆದುಕೊಳ್ಳಲಿಲ್ಲ. ಆಚೆ ಶಾಮಿಯಾನದ ಕೆಳಗೆ ಕೃಷ್ಣಸ್ವಾಮಿಯವರು ಪಟ್ಟಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು: ಏಳನೆಯವನು ಸವರಿಯಪ್ಪ, ಅರವತ್ತೈದು ನಿಮಿಷ, ಹತ್ತು ಸೆಕೆಂಡು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸವರಿಯಪ್ಪ ಮಣಿಸರವನ್ನು ಮಡಿಸಿ ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡ. ಉಸಿರು ಇಳಿದಿತ್ತು, ಎದೆ ಇಳಿದಿತ್ತು. ಕಾಲುಗಳು ಮಾತ್ರ ಹುಣಸೆಮರದ ಕೆಳಗೆ ಕೇಳಿದ್ದನ್ನು ಇನ್ನೂ ನಂಬಿಕೊಂಡು, ಓಡಲು ಬಿಡು ಎಂದು ನಡುಗುತ್ತಿದ್ದವು.